ಪೋರ್ಚುಗಲ್ ಪೌರತ್ವಕ್ಕೆ ಎ2: ಕ್ಲಾಸ್ ಹುಡುಕುವ ಮೊದಲು ಯಾವ ಕಾಗದ ಬೇಕೆಂದು ನೋಡಿ

ಪೋರ್ಚುಗಲ್‌ನಲ್ಲಿ ಕೆಲವು ವರ್ಷ ದುಡಿದು, ಪೌರತ್ವದ ಅರ್ಜಿಯ ಯೋಚನೆಗೆ ಬಂದವರು ಮೊದಲು ಕೇಳುವುದು "ಒಳ್ಳೆಯ ಪೋರ್ಚುಗೀಸ್ ಕ್ಲಾಸ್ ಎಲ್ಲಿದೆ?" ಎಂದು. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಆ ಕ್ಲಾಸ್ ಮುಗಿಸಿದರೆ ಕೈಗೆ ಬರುವ ಕಾಗದವನ್ನು ಪೌರತ್ವದ ಅರ್ಜಿ ನೋಡುವ ನೋಂದಣಿ ಕಚೇರಿ ಒಪ್ಪುತ್ತದೆಯೇ? ಚೆನ್ನಾಗಿ ಕಲಿಸುವ ಎಷ್ಟೋ ಕೋರ್ಸ್‌ಗಳ ಸರ್ಟಿಫಿಕೇಟ್ ಪೌರತ್ವದ ಕಡತದಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಲಿಸುವುದು ಸುಮಾರಾಗಿದ್ದರೂ ಕಾಗದ ಮಾತ್ರ ಗಟ್ಟಿಯಾಗಿರುವ ಕೋರ್ಸ್‌ಗಳೂ ಇವೆ. ಆರು ತಿಂಗಳು ಸಂಜೆ ಹೊತ್ತು ಕ್ಲಾಸಿಗೆ ಓಡಾಡಿ, ಕೊನೆಗೆ "ಇದು ನಡೆಯಲ್ಲ" ಅನ್ನಿಸಿಕೊಳ್ಳುವುದಕ್ಕಿಂತ ಹಿಂದಿನಿಂದ ಲೆಕ್ಕ ಹಾಕಿಕೊಂಡು ಬರುವುದು ವಾಸಿ.

ಕಾನೂನು ಕೇಳುವುದು ದೊಡ್ಡದೇನಲ್ಲ. 1981ರ ರಾಷ್ಟ್ರೀಯತಾ ಕಾನೂನಿನ (ಸಂಖ್ಯೆ 37/81) 6ನೇ ವಿಧಿ ಅರ್ಜಿದಾರರಿಗೆ ಪೋರ್ಚುಗೀಸ್ "ಸಾಕಷ್ಟು" ಗೊತ್ತಿರಬೇಕು ಎನ್ನುತ್ತದೆ. ಆ ಸಾಕಷ್ಟು ಅಂದರೆ ಯುರೋಪಿನ ಭಾಷಾ ಮಟ್ಟಗಳ ಪಟ್ಟಿಯಲ್ಲಿ ಎ2, ಕೆಳಗಿನಿಂದ ಎರಡನೆಯ ಮೆಟ್ಟಿಲು. ಅಂಗಡಿ, ಆಸ್ಪತ್ರೆ, ಬ್ಯಾಂಕ್, ಮನೆ ಬಾಡಿಗೆ, ಕೆಲಸದ ವೇಳಾಪಟ್ಟಿ ಇಷ್ಟರ ಮಟ್ಟಿಗೆ ಮಾತಾಡಿ ಬರೆಯಲು ಬಂದರೆ ಸಾಕು; ಸಾಹಿತ್ಯ ಓದಬೇಕಿಲ್ಲ. ಐದು ವರ್ಷದ ನಂತರ ಸಿಗುವ ಕಾಯಂ ವಾಸದ ಪರವಾನಗಿಗೂ ಮೂಲಭೂತ ಪೋರ್ಚುಗೀಸ್‌ನ ಪುರಾವೆ ಬೇಕು. ಹಾಗಾಗಿ ಪೌರತ್ವ ಇನ್ನೂ ದೂರವಿದ್ದರೂ ಈ ಒಂದು ಕಾಗದ ಮಾಡಿಸಿಟ್ಟರೆ ಎರಡು ಕಡೆ ಉಪಯೋಗಕ್ಕೆ ಬರುತ್ತದೆ.

ಎಷ್ಟು ವರ್ಷ ವಾಸವಿರಬೇಕು ಎಂಬ ನಿಯಮ ಮಾತ್ರ ರಾಜಕೀಯದ ಗಾಳಿಗೆ ತೂಗುತ್ತಿದೆ. 2025ರಲ್ಲಿ ಸಂಸತ್ತು ಅವಧಿ ಹೆಚ್ಚಿಸುವ ತಿದ್ದುಪಡಿಗೆ ಮತ ಹಾಕಿತು, ಸಾಂವಿಧಾನಿಕ ನ್ಯಾಯಾಲಯ ಅದರ ಕೆಲವು ಭಾಗಗಳನ್ನು ತಡೆಯಿತು. ಇತಿಹಾಸ, ಸಂಸ್ಕೃತಿ, ನಾಗರಿಕ ಹಕ್ಕುಗಳ ಅರಿವನ್ನೂ ಸೇರಿಸುವ ಪ್ರಸ್ತಾಪ ಅದರಲ್ಲಿತ್ತು. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಪಠ್ಯವನ್ನು ಸರ್ಕಾರಿ ಗೆಜೆಟ್ ಆದ ದಿಯಾರಿಯೊ ದಾ ರೆಪುಬ್ಲಿಕಾದಲ್ಲೇ ನೋಡಿ, ವಾಟ್ಸಾಪ್ ಗುಂಪಿನಲ್ಲಲ್ಲ. ವರ್ಷದ ಲೆಕ್ಕ ಹೇಗೆ ಬದಲಾದರೂ ಭಾಷೆಯ ತಯಾರಿ ವ್ಯರ್ಥವಾಗುವುದಿಲ್ಲ.

ಇದು ಯಾರಿಗೆ ಬೇಡ ಎಂಬುದನ್ನೂ ಹೇಳಿಬಿಡುತ್ತೇನೆ. ಬ್ರೆಜಿಲ್, ಅಂಗೋಲಾ, ಮೊಜಾಂಬಿಕ್‌ನಂಥ ಪೋರ್ಚುಗೀಸ್ ಅಧಿಕೃತ ಭಾಷೆಯಾಗಿರುವ ದೇಶದಲ್ಲಿ ಹುಟ್ಟಿ ಅಲ್ಲಿನ ಪೌರತ್ವವಿರುವವರಿಗೆ ಭಾಷೆ ಗೊತ್ತಿದೆ ಎಂದೇ ಕಾನೂನು ಹಿಡಿಯುತ್ತದೆ. 1961ರ ಡಿಸೆಂಬರ್‌ಗೆ ಮೊದಲು ಗೋವಾ, ದಮನ್, ದಿಯುಗಳಲ್ಲಿ ಹುಟ್ಟಿದ ತಂದೆ ಅಥವಾ ತಾಯಿಯ ಜನನವನ್ನು ಪೋರ್ಚುಗಲ್‌ನಲ್ಲಿ ದಾಖಲಿಸಿ, ಆ ಮೂಲಕ ತಮ್ಮ ಜನನವನ್ನೂ ದಾಖಲಿಸುವ ಮಕ್ಕಳಿಗೆ ಭಾಷಾ ಪರೀಕ್ಷೆಯಿಲ್ಲ. ಅಜ್ಜ ಅಥವಾ ಅಜ್ಜಿಯ ಹೆಸರಿನಲ್ಲಿ ನೇರವಾಗಿ ಅರ್ಜಿ ಹಾಕುವ ಮೊಮ್ಮಕ್ಕಳ ದಾರಿ ಬೇರೆ, ಅಲ್ಲಿ ಭಾಷೆ ಬೇಕು. ಪೋರ್ಚುಗೀಸ್ ಪ್ರಜೆಯನ್ನು ಮದುವೆಯಾಗಿ ಮೂರು ವರ್ಷ ಕಳೆದವರಿಗೆ ಭಾಷೆ ನೇರ ಷರತ್ತಲ್ಲ. ಆದರೆ ದೇಶದ ಜೊತೆ ನಂಟಿದೆ ಎಂದು ತೋರಿಸಬೇಕಾಗಿ ಬಂದಾಗ ಎ2 ಸರ್ಟಿಫಿಕೇಟ್‌ನಷ್ಟು ಅನುಕೂಲದ ಕಾಗದ ಇನ್ನೊಂದಿಲ್ಲ.

ಉಳಿದವರ ಮುಂದೆ ನಿಜವಾಗಿ ಇರುವುದು ಎರಡು ದಾರಿ. ಪೋರ್ಚುಗಲ್‌ನ ಶಾಲೆಯಲ್ಲಿ ಕನಿಷ್ಠ ಎರಡು ಶೈಕ್ಷಣಿಕ ವರ್ಷ ಪೋರ್ಚುಗೀಸ್ ವಿಷಯ ಓದಿ ಪಾಸಾದವರಿಗೆ ಶಾಲೆಯ ಪ್ರಮಾಣಪತ್ರವೇ ಪುರಾವೆ; ಮಕ್ಕಳ ಅರ್ಜಿಗಳಲ್ಲಿ ಇದು ಬಹಳ ಸಲೀಸು. ದೊಡ್ಡವರಿಗಾದರೆ ಒಂದೋ ಸರ್ಕಾರದ ಪಿಎಲ್‌ಎ ಕೋರ್ಸ್, ಇಲ್ಲವೋ ಲಿಸ್ಬನ್ ವಿಶ್ವವಿದ್ಯಾಲಯದ ಸಿಪ್ಲೆ ಎಂಬ ಎ2 ಪರೀಕ್ಷೆ.

ಪಿಎಲ್‌ಎ: ದುಡ್ಡು ಬೇಡ, ಸಮಯ ಬೇಕು

ಪಿಎಲ್‌ಎ ಅಂದರೆ ಪೋರ್ತುಗೇಶ್ ಲಿಂಗ್ವ ದ ಅಕೊಲ್ಯಿಮೆಂತು, ವಲಸೆ ಬಂದವರಿಗಾಗಿ ಸರ್ಕಾರ ನಡೆಸುವ ಉಚಿತ ಭಾಷಾ ಕೋರ್ಸ್. ಮುಂಚೆ ಇದೇ ಕೆಲಸಕ್ಕೆ "ಎಲ್ಲರಿಗೂ ಪೋರ್ಚುಗೀಸ್" ಎಂಬ ಅರ್ಥದ ಪಿಪಿಟಿ ಯೋಜನೆಯಿತ್ತು. 2020ರ ಆಗಸ್ಟ್‌ನ 183/2020 ಸಂಖ್ಯೆಯ ಪೊರ್ತಾರಿಯಾ, ಅಂದರೆ ಸಚಿವಾಲಯದ ಆದೇಶ, ಈಗಿನ ರೂಪ ಕೊಟ್ಟಿತು. ಎ1 ಮತ್ತು ಎ2 ಸೇರಿ 150 ಗಂಟೆ. ಅದನ್ನು ತಲಾ 25 ಗಂಟೆಯ ಘಟಕಗಳಾಗಿ ಒಡೆದಿದ್ದಾರೆ: ನಿತ್ಯದ ದಿನಚರಿ, ಊಟ ಮತ್ತು ಬಿಡುವು, ದೇಹ ಮತ್ತು ಆರೋಗ್ಯ ಸೇವೆ, ಕೆಲಸದ ಜಾಗ, ಹೀಗೆ.

ವಾರಕ್ಕೆ ಎರಡು ಸಂಜೆ, ದಿನಕ್ಕೆ ಮೂರು ಗಂಟೆ ಅಂತ ಹಿಡಿದರೆ ವಾರಕ್ಕೆ 6 ಗಂಟೆ. 150 ಗಂಟೆ ಮುಗಿಯಲು 25 ವಾರ, ನಡುವೆ ಕ್ರಿಸ್‌ಮಸ್, ಈಸ್ಟರ್ ರಜೆ ಬಂದರೆ ಏಳು ತಿಂಗಳ ಹತ್ತಿರ. ವಾರಕ್ಕೆ ನಾಲ್ಕು ದಿನ ಇರುವ ತರಗತಿ ಸಿಕ್ಕರೆ ಮೂರು ತಿಂಗಳು ಚಿಲ್ಲರೆ. ಸೇರುವ ಮೊದಲು ಈ ವೇಳಾಪಟ್ಟಿ ಕೇಳಿಯೇ ಸೇರಿ. ಅರ್ಜಿ ಹಾಕುವ ತಿಂಗಳನ್ನು ಗುರಿ ಇಟ್ಟುಕೊಂಡವರು ಈ ಲೆಕ್ಕ ಮಾಡದೆ ಸೇರಿ ಪೇಚಾಡುತ್ತಾರೆ.

ಎಲ್ಲಿ ಹುಡುಕುವುದು? ಮೂರು ಬಾಗಿಲುಗಳಿವೆ. ಉದ್ಯೋಗ ಮತ್ತು ತರಬೇತಿ ಸಂಸ್ಥೆಯಾದ ಐಇಎಫ್‌ಪಿಯ ಕೇಂದ್ರಗಳು; ನಿಮ್ಮ ಪ್ರದೇಶದ ಸರ್ಕಾರಿ ಶಾಲೆಗಳ ಗುಂಪು, ಅಲ್ಲಿಯ ಮಾತಿನಲ್ಲಿ ಅಗ್ರುಪಮೆಂತು ದ ಎಸ್ಕೋಲಶ್; ವಯಸ್ಕರ ಶಿಕ್ಷಣದ ಕ್ವಾಲಿಫಿಕಾ ಕೇಂದ್ರಗಳು. ಹೆಚ್ಚಿನವರು ಐಇಎಫ್‌ಪಿಗೆ ಒಂದು ಇಮೇಲ್ ಕಳಿಸಿ, ಉತ್ತರವಿಲ್ಲ ಎಂದು ಕೈಬಿಡುತ್ತಾರೆ. ಮೂರೂ ಕಡೆ ಹೆಸರು ಕೊಡಿ, ಅಕ್ಕಪಕ್ಕದ ಪುರಸಭೆಯ ಶಾಲೆಗಳನ್ನೂ ಬಿಡಬೇಡಿ. ಲಿಸ್ಬನ್ ನಗರದೊಳಗೆ ಸರತಿ ಉದ್ದವಿದ್ದರೆ ರೈಲಿನಲ್ಲಿ ಅರ್ಧ ಗಂಟೆ ದೂರದ ಊರಿನಲ್ಲಿ ಜಾಗ ಖಾಲಿ ಇರಬಹುದು. ಶಾಲೆಗಳ ತರಗತಿ ಶೈಕ್ಷಣಿಕ ವರ್ಷದ ಜೊತೆ ಹೊರಡುವುದರಿಂದ ಬೇಸಿಗೆ ರಜೆಗೆ ಮುಂಚೆ ಹೋಗಿ ವಿಚಾರಿಸಿ. ಆಗಸ್ಟ್‌ನಲ್ಲಿ ಹೋದರೆ ಕಚೇರಿಯಲ್ಲಿ ಜನ ಸಿಗುವುದೇ ಕಷ್ಟ. ಕೆಲಸ ಮುಗಿದ ಮೇಲಿನ ತರಗತಿ ಬೇಕಿದ್ದರೆ ಕೇಳಬೇಕಾದ ಪದ "ಪೊಶ್-ಲಾಬೊರಾಲ್". ಇದನ್ನು ಹೇಳದಿದ್ದರೆ ಬೆಳಗಿನ ಒಂಬತ್ತರ ತರಗತಿಗೆ ಹೆಸರು ಬರೆದುಕೊಂಡಾರು.

ಇಮೇಲ್ ಮೇಲೆ ಬಹಳ ನಂಬಿಕೆ ಇಡಬೇಡಿ. ಖುದ್ದಾಗಿ ಹೋಗಿ ಫಾರ್ಮ್ ತುಂಬಿ, ಹೆಸರು ಬರೆದುಕೊಂಡದ್ದಕ್ಕೆ ಏನಾದರೂ ಪುರಾವೆ ಪಡೆದು ಬನ್ನಿ. ಪಾಸ್‌ಪೋರ್ಟ್, ವಾಸದ ಪರವಾನಗಿಯ ಕಾರ್ಡ್ ಅಥವಾ ಅದಕ್ಕೆ ಅರ್ಜಿ ಹಾಕಿದ್ದರ ದಾಖಲೆ, ತೆರಿಗೆ ಸಂಖ್ಯೆಯಾದ ನಿಫ್, ಸಾಮಾಜಿಕ ಭದ್ರತೆಯ ಸಂಖ್ಯೆಯಾದ ನಿಸ್, ಇವಿಷ್ಟರ ಮೂಲ ಮತ್ತು ನಕಲು ಜೊತೆಗಿರಲಿ. ಬಾಗಿಲು ಯಾವುದೆಂದೇ ತೋಚದಿದ್ದರೆ ಪುರಸಭೆಗಳಲ್ಲಿರುವ ಕ್ಲಾಯಿಂ ಎಂಬ ವಲಸಿಗರ ಸಹಾಯ ಕೇಂದ್ರಕ್ಕೆ ಹೋಗಿ. 2023ರ ಅಕ್ಟೋಬರ್‌ನಲ್ಲಿ ವಲಸಿಗರ ವ್ಯವಹಾರ ನೋಡುತ್ತಿದ್ದ ಹಳೆಯ ಎಸ್‌ಇಎಫ್ ಇಲಾಖೆಯ ಜಾಗಕ್ಕೆ ಬಂದ ಐಮಾ ಸಂಸ್ಥೆಯ ಜಾಲಕ್ಕೆ ಸೇರಿದ ಕೇಂದ್ರಗಳಿವು. ಊರಿನಲ್ಲಿ ಯಾವ ಶಾಲೆ ತರಗತಿ ತೆರೆಯುತ್ತಿದೆ ಎಂಬುದು ವೆಬ್‌ಸೈಟಿಗಿಂತ ಮೊದಲು ಇಲ್ಲಿ ಕೂತವರಿಗೆ ಗೊತ್ತಿರುತ್ತದೆ.

ಹೆಸರು ಕೊಟ್ಟ ಮಾತ್ರಕ್ಕೆ ತರಗತಿ ಶುರುವಾಗುವುದಿಲ್ಲ, ಬೇಕಾದಷ್ಟು ಜನ ಸೇರಬೇಕು. ಕೆಲಸದ ಜಾಗದಲ್ಲೋ ಅಕ್ಕಪಕ್ಕದಲ್ಲೋ ಭಾಷೆ ಕಲಿಯಬೇಕಾದವರು ಹತ್ತು ಹನ್ನೆರಡು ಮಂದಿ ಇದ್ದರೆ ಒಟ್ಟಿಗೆ ಹೋಗಿ ಹೆಸರು ಬರೆಸಿ. ಒದೆಮಿರಾದ ಹಸಿರುಮನೆಗಳಲ್ಲಿ ದುಡಿಯುವವರಿಗಾಗಲಿ, ಲಿಸ್ಬನ್ನಿನ ಹೋಟೆಲ್ ಅಡುಗೆಮನೆಗಳಲ್ಲಿ ಇರುವವರಿಗಾಗಲಿ ಇದು ಕಷ್ಟದ ಮಾತಲ್ಲ. ಒಬ್ಬೊಬ್ಬರಾಗಿ ಸರತಿಯಲ್ಲಿ ಕಾಯುವುದಕ್ಕಿಂತ ಗುಂಪಿನ ಬೇಡಿಕೆಗೆ ಬೆಲೆ ಹೆಚ್ಚು.

ಶುರುವಿನಲ್ಲಿ ಮಟ್ಟ ನೋಡಲು ಸಣ್ಣ ಪರೀಕ್ಷೆ ಇರುತ್ತದೆ. ಇಲ್ಲಿ ಜಾಣತನ ತೋರಿಸಲು ಹೋಗಬೇಡಿ. ಬಾಯಿಪಾಠದ ನಾಲ್ಕು ವಾಕ್ಯ ಒಪ್ಪಿಸಿ ಮೇಲಿನ ಗುಂಪಿಗೆ ಹೋದವರು ಎರಡನೇ ವಾರಕ್ಕೆ ಹಿಂದುಳಿಯುತ್ತಾರೆ.

ಪಿಎಲ್‌ಎಯಲ್ಲಿ ಎಡವುವುದು ಭಾಷೆಯಿಂದಲ್ಲ, ಹಾಜರಾತಿಯಿಂದ. ಗಂಟೆಗಳನ್ನು ಘಟಕದ ಲೆಕ್ಕದಲ್ಲಿ ಹಿಡಿಯುತ್ತಾರೆ. 25 ಗಂಟೆಯ ಘಟಕದಲ್ಲಿ ಎರಡು ಸಂಜೆ ತಪ್ಪಿಸಿಕೊಂಡರೆ ಹೋಗುವುದು 6 ಗಂಟೆ, ಅಂದರೆ ನಾಲ್ಕರಲ್ಲಿ ಒಂದು ಪಾಲು. ಹಾಗೆ ಒಂದೇ ಒಂದು ಘಟಕ ಬಾಕಿ ಉಳಿದರೂ ಎ2 ಸರ್ಟಿಫಿಕೇಟ್ ನಿಂತುಹೋಗುತ್ತದೆ. ಅದೊಂದನ್ನೇ ಪೂರ್ತಿ ಮಾಡಲು ಮುಂದಿನ ತಂಡ ಆ ಘಟಕಕ್ಕೆ ಬರುವವರೆಗೆ ಕಾಯಬೇಕು. ಗೈರಿನ ಮಿತಿ ಎಷ್ಟು, ಡಾಕ್ಟರ್ ಚೀಟಿ ಕೊಟ್ಟರೆ ಮನ್ನಾ ಆಗುತ್ತದೆಯೇ ಎಂದು ಮೊದಲ ದಿನವೇ ಕೇಳಿಕೊಳ್ಳಿ. ಊರಿಗೆ ಹೋಗಿಬರುವ ರಜೆಯನ್ನು ಕೋರ್ಸ್ ನಡುವೆ ಇಟ್ಟುಕೊಳ್ಳುವುದೆಂದರೆ ಕೈಯಾರೆ ಕೆಡಿಸಿಕೊಂಡ ಹಾಗೆ. ವಾರ ವಾರ ಶಿಫ್ಟ್ ಬದಲಾಗುವವರಿಗೆ ನನ್ನ ಸಲಹೆ ನೇರ: ಪಿಎಲ್‌ಎ ಬಿಡಿ, ಸಿಪ್ಲೆ ಬರೆಯಿರಿ.

ಕೊನೆಗೆ ಕೊಡುವ ಪ್ರಮಾಣಪತ್ರ ಸಿಗೊ ಎಂಬ ಸರ್ಕಾರಿ ವ್ಯವಸ್ಥೆಯಿಂದ ಹೊರಬರುತ್ತದೆ. ಅದನ್ನು ಕೈಗೆ ತೆಗೆದುಕೊಂಡಾಗ ಎರಡು ವಿಷಯ ನೋಡಿ: ಎ2 ಮಟ್ಟ ಮುಗಿಸಿದ್ದಾರೆ ಎಂದು ಸ್ಪಷ್ಟವಾಗಿ ಬರೆದಿದೆಯೇ, ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯೇ. ಎ1ಕ್ಕೆ ಮಾತ್ರ ಕೊಟ್ಟ ಕಾಗದವಾಗಲಿ, "ಕೋರ್ಸಿಗೆ ಹಾಜರಾಗಿದ್ದರು" ಎಂಬ ಘೋಷಣೆಯಾಗಲಿ ಪೌರತ್ವಕ್ಕೆ ಸಾಲದು.

ಖಾಸಗಿ ಶಾಲೆ, ವಿಶ್ವವಿದ್ಯಾಲಯ, ಆ್ಯಪ್

"ಪೌರತ್ವಕ್ಕೆ ಮಾನ್ಯ" ಎಂದು ಜಾಹೀರಾತು ಕೊಡುವ ಖಾಸಗಿ ಕೋರ್ಸ್‌ಗಳು ಈಗ ಬೇಕಾದಷ್ಟು. ದುಡ್ಡು ಕಟ್ಟುವ ಮೊದಲು ಕೇಳಿ: ನಿಮ್ಮ ಸರ್ಟಿಫಿಕೇಟ್ ಸಿಗೊ ಮೂಲಕ ಬರುತ್ತದೆಯೇ? ಅದರಲ್ಲಿ ಪಿಎಲ್‌ಎ ಆದೇಶದ ಉಲ್ಲೇಖ ಇರುತ್ತದೆಯೇ? ಹಿಂದಿನವರದೊಂದು ಮಾದರಿ, ಹೆಸರು ಮುಚ್ಚಿ, ತೋರಿಸುತ್ತೀರಾ? ಉತ್ತರ ಬರವಣಿಗೆಯಲ್ಲಿ ಬರಲಿ. ತರಬೇತಿ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಡಿಜರ್ಟ್ ಎಂಬ ಸರ್ಕಾರಿ ಇಲಾಖೆಯ ಮುದ್ರೆ ಇದೆ ಎಂದಷ್ಟೇ ಹೇಳಿದರೆ ಸಮಾಧಾನಪಟ್ಟುಕೊಳ್ಳಬೇಡಿ. ಅದು ಆ ಸಂಸ್ಥೆ ತರಬೇತಿ ಕೊಡಬಹುದು ಎನ್ನುತ್ತದೆ. ಅಲ್ಲಿಯ ಭಾಷಾ ಸರ್ಟಿಫಿಕೇಟ್ ಪೌರತ್ವಕ್ಕೆ ಆಗುತ್ತದೆ ಎನ್ನುವುದಿಲ್ಲ. "150 ಗಂಟೆಯನ್ನು ಮೂರು ವಾರದಲ್ಲಿ ಮುಗಿಸಿಕೊಡುತ್ತೇವೆ" ಎನ್ನುವವರಿದ್ದರೆ ನೀವೇ ಭಾಗಿಸಿ ನೋಡಿ: ಭಾನುವಾರವೂ ಸೇರಿ ದಿನಕ್ಕೆ ಏಳು ಗಂಟೆಗೂ ಹೆಚ್ಚು. ಅಷ್ಟು ಗಂಟೆ ನಿಜವಾಗಿ ಕೂರಿಸುವವರು ಯಾರೂ ಇಲ್ಲ, ಮುಂದೆ ಪ್ರಶ್ನೆ ಎದ್ದರೆ ಸಿಕ್ಕಿಬೀಳುವುದು ಅರ್ಜಿದಾರರು.

ಲಿಸ್ಬನ್, ಪೋರ್ತು, ಕೊಯಿಂಬ್ರಾ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಕೋರ್ಸ್‌ಗಳಲ್ಲಿ ಕಲಿಕೆ ಅಚ್ಚುಕಟ್ಟು, ಶುಲ್ಕವೂ ಅದಕ್ಕೆ ತಕ್ಕಂತೆ. ನಿಜಕ್ಕೂ ಭಾಷೆ ಬೇಕಾದವರು ಅಲ್ಲಿ ಸೇರಿ, ಕಾಗದಕ್ಕೆ ಸಿಪ್ಲೆ ಬರೆಯಬಹುದು. ಸರ್ಕಾರದ್ದೇ ಆದ ಪ್ಲಾತಫೊರ್ಮ ದ ಪೋರ್ತುಗೇಶ್ ಆನ್‌ಲೈನ್ ಎಂಬ ಉಚಿತ ತಾಣ ಮನೆಯಲ್ಲಿ ಕೂತು ಅಭ್ಯಾಸ ಮಾಡಲು ಒಳ್ಳೆಯದು, ಅದರಿಂದ ಕಾಗದ ಸಿಗದು. ಡ್ಯುಯೊಲಿಂಗೊ ಕಲಿಸುವುದು ಬ್ರೆಜಿಲ್‌ನ ಪೋರ್ಚುಗೀಸ್. ಬಸ್ಸು, ರೈಲು, ಮೊಬೈಲ್, ಬೆಳಗಿನ ತಿಂಡಿ, ಬಚ್ಚಲುಮನೆ, ಇವಕ್ಕೆಲ್ಲ ಎರಡೂ ಕಡೆ ಬೇರೆ ಬೇರೆ ಪದಗಳು. ಬ್ರೆಜಿಲ್‌ನವರದೇ ಪರೀಕ್ಷೆಯಾದ ಸೆಲ್ಪೆ-ಬ್ರಾಸ್ ಅನ್ನು ಸಿಪ್ಲೆ ಎಂದುಕೊಂಡು ಬರೆಯಲು ಹೋಗಬೇಡಿ.

ಸಿಪ್ಲೆ: ಒಂದು ಪರೀಕ್ಷೆ, ಒಂದು ಕಾಗದ

ಸಿಪ್ಲೆ ನಡೆಸುವುದು ಲಿಸ್ಬನ್ ವಿಶ್ವವಿದ್ಯಾಲಯದ ಕಾಪ್ಲೆ ಕೇಂದ್ರ. ಇದರ ಸರಣಿಯಲ್ಲಿ ಅಸೆಸ್ಸು ಎ1, ಸಿಪ್ಲೆ ಎ2, ದೆಪ್ಲೆ ಬಿ1, ದಿಪ್ಲೆ ಬಿ2. ಪೌರತ್ವಕ್ಕೆ ಸಿಪ್ಲೆ ಸಾಕು. ಅಸೆಸ್ಸು ಸುಲಭ ಎಂದು ತಪ್ಪಿ ಅದಕ್ಕೆ ನೋಂದಾಯಿಸಿದವರ ಶುಲ್ಕ ದಂಡ.

ನೋಂದಣಿ ಕಾಪ್ಲೆಯ ಜಾಲತಾಣದಲ್ಲೇ: ಪರೀಕ್ಷೆ, ದೇಶ, ಕೇಂದ್ರ, ದಿನಾಂಕ ಆರಿಸಿ ಹಣ ಕಟ್ಟಬೇಕು. ಲಿಸ್ಬನ್ ಮತ್ತು ಪೋರ್ತುವಿನ ಜಾಗಗಳು ಬೇಗ ಮುಗಿಯುತ್ತವೆ. ಸಣ್ಣ ಊರಿನ ಕೇಂದ್ರ ಆರಿಸಿ, ಬೆಳಗಿನ ರೈಲಿಗೆ ಹೋಗಿ ಬರೆದು ಬರುವುದರಲ್ಲಿ ತಪ್ಪೇನಿಲ್ಲ. ಪರೀಕ್ಷಾ ಕೇಂದ್ರಗಳು ಪೋರ್ಚುಗಲ್ ಹೊರಗೂ ಇವೆ, ಆದರೆ ಅಲ್ಲಿ ವರ್ಷಕ್ಕೆ ಕೆಲವೇ ಸಲ ನಡೆಯುತ್ತದೆ. ಕಾಗದ ಕೈಗೆ ಬರಲು ವಾರಗಳಲ್ಲ, ತಿಂಗಳುಗಳನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಬಂದ ಮೇಲೆ ಆ ಸರ್ಟಿಫಿಕೇಟ್‌ಗೆ ಅವಧಿ ಮುಗಿಯುವ ಚಿಂತೆಯಿಲ್ಲ.

ಮೂರು ಭಾಗ. ಓದು ಮತ್ತು ಬರಹ 1 ಗಂಟೆ 15 ನಿಮಿಷ, ಅಂಕದಲ್ಲಿ 45 ಶೇಕಡಾ. ಕೇಳಿ ಅರ್ಥಮಾಡಿಕೊಳ್ಳುವುದು ಅರ್ಧ ಗಂಟೆ, 30 ಶೇಕಡಾ. ಮಾತು ಕಾಲು ಗಂಟೆಯೊಳಗೆ, 25 ಶೇಕಡಾ. ಒಟ್ಟು 55 ಬಂದರೆ ಪಾಸು. 55ರಿಂದ 69 "ಸುಫಿಸಿಯೆಂತ್", 70ರಿಂದ 84 "ಬೊಂ", ಅದರ ಮೇಲೆ "ಮುಯ್ತು ಬೊಂ". ನೋಂದಣಿ ಕಚೇರಿಗೆ ಈ ದರ್ಜೆ ಲೆಕ್ಕಕ್ಕಿಲ್ಲ, 56 ಬಂದರೂ 90 ಬಂದರೂ ಒಂದೇ.

ಬರಹದಲ್ಲಿ ಎರಡು ಕೆಲಸ: 25ರಿಂದ 35 ಪದದ ಸಣ್ಣ ಸಂದೇಶ, 60ರಿಂದ 80 ಪದದ ಪತ್ರ ಅಥವಾ ಇಮೇಲ್. ಅಂಕ ಸೋರಿಹೋಗುವುದು ವ್ಯಾಕರಣಕ್ಕಿಂತ ಹೆಚ್ಚಾಗಿ ಸೂಚನೆಯನ್ನು ಅರ್ಧ ಓದಿದ್ದರಿಂದ. "ಗೆಳೆಯನನ್ನು ಊಟಕ್ಕೆ ಕರೆಯಿರಿ, ದಿನ, ಜಾಗ, ಏನು ತರಬೇಕು ಎಂದು ತಿಳಿಸಿ" ಎಂದಿದ್ದರೆ ಆ ಮೂರೂ ಉತ್ತರದಲ್ಲಿ ಇರಲೇಬೇಕು. ಎರಡನ್ನು ಸೊಗಸಾಗಿ ಬರೆದು ಮೂರನೆಯದನ್ನು ಬಿಟ್ಟರೆ ಏಟು ಬೀಳುತ್ತದೆ. ಸೂಚನೆಯ ಒಂದೊಂದು ಅಂಶಕ್ಕೂ ಒಂದೊಂದು ಗಿಡ್ಡ ವಾಕ್ಯ, ಶುರುವಿಗೆ ಸಂಬೋಧನೆ, ಕೊನೆಗೆ "ಉಂ ಅಬ್ರಾಸು" (ಒಂದು ಅಪ್ಪುಗೆ) ಮತ್ತು ಹೆಸರು. ಪದ ಎಣಿಸುವಾಗ ಒ, ಅ, ದ ಎಂಬ ಚಿಕ್ಕ ಪದಗಳೂ ಸೇರುತ್ತವೆ.

ನಮ್ಮವರಿಗೆ ಕಷ್ಟವಾಗುವುದು ಕೇಳುವ ಭಾಗ. ಕನ್ನಡದಲ್ಲಿ ಪ್ರತಿ ಸ್ವರವನ್ನೂ ತುಂಬಿ ಉಚ್ಚರಿಸುತ್ತೇವೆ, ಕೊನೆಯಲ್ಲಿ ಇಲ್ಲದ ಕಡೆ "ಉ" ಸೇರಿಸುತ್ತೇವೆ. ಲಿಸ್ಬನ್ನಿನವರು ಒತ್ತಿಲ್ಲದ ಸ್ವರವನ್ನು ನುಂಗಿಬಿಡುತ್ತಾರೆ. ಪುಸ್ತಕದಲ್ಲಿ "ಟೆಲೆಫೋನೆ" ಎಂದು ಕಾಣುವ ಪದ ಕಿವಿಗೆ "ತ್ಲ್‌ಫೋನ್" ಎಂದು ಬೀಳುತ್ತದೆ. ಓದುವಾಗ ಗೊತ್ತಿದ್ದ ಪದವೇ ಕೇಳುವಾಗ ಗುರುತು ಸಿಗದಿರಲು ಕಾರಣ ಇದೇ. ಇದಕ್ಕೆ ಮದ್ದು ದಿನಕ್ಕೆ ಇಪ್ಪತ್ತು ನಿಮಿಷ ಪೋರ್ಚುಗಲ್‌ನದೇ ದನಿ ಕೇಳುವುದು: ಸರ್ಕಾರಿ ರೇಡಿಯೊ ಆಂತೆನಾ 1, ಆರ್‌ಟಿಪಿ ಪ್ಲೇಯಲ್ಲಿ ಸುದ್ದಿ. ಕಾಪ್ಲೆ ತಾಣದಲ್ಲಿರುವ ಮಾದರಿ ಪ್ರಶ್ನೆಪತ್ರಿಕೆಯ ಧ್ವನಿಯನ್ನು ಮೊದಲು ಪಠ್ಯ ನೋಡದೆ, ಆಮೇಲೆ ನೋಡಿಕೊಂಡು, ಮತ್ತೆ ನೋಡದೆ ಕೇಳಿ. ಪರೀಕ್ಷೆಯಲ್ಲಿ ಪ್ರತಿ ಧ್ವನಿಯನ್ನೂ ಎರಡು ಸಲ ಹಾಕುತ್ತಾರೆ. ಮೊದಲ ಸಲ ಯಾರು, ಎಲ್ಲಿ ಎಂಬುದಕ್ಕೆ ಕಿವಿಗೊಟ್ಟು, ಎರಡನೇ ಸಲ ಸಮಯ, ಬೆಲೆ, ಸಂಖ್ಯೆ ಹಿಡಿಯಿರಿ.

ನಮಗೆ ಅನುಕೂಲವೂ ಒಂದಿದೆ. "ಹೋದೆ", "ಹೋದಳು" ಎಂದು ಕ್ರಿಯಾಪದದಲ್ಲೇ ಯಾರು ಎಂದು ಹೇಳಿ ಅಭ್ಯಾಸವಿರುವ ನಾಲಿಗೆಗೆ ಪೋರ್ಚುಗೀಸ್‌ನ ಕ್ರಿಯಾಪದ ಅಪರಿಚಿತವಲ್ಲ. "ನಾನು" ಬಿಟ್ಟು ಮಾತಾಡುವುದು ಅಲ್ಲೂ ಸಹಜ. ಕಾಡುವುದು ವಸ್ತುಗಳ ಲಿಂಗ: ನಮಗೆ ಮೇಜೂ ಪುಸ್ತಕವೂ "ಅದು", ಅವರಿಗೆ ಮೇಜು ಹೆಣ್ಣು, ಪುಸ್ತಕ ಗಂಡು. "ಅ ಮೇಜ", "ಒ ಲಿವ್ರು" ಎಂದು ಮೊದಲು ಬರುವ ಚಿಕ್ಕ ಪದದ ಜೊತೆಗೇ ಕಲಿಯಿರಿ, ಬಿಡಿ ಪದವಾಗಿ ಕಲಿಯಲೇಬೇಡಿ.

ಮಾತಿನ ಪರೀಕ್ಷೆಗೆ ಸಾಮಾನ್ಯವಾಗಿ ಇಬ್ಬರನ್ನು ಒಟ್ಟಿಗೆ ಕೂರಿಸುತ್ತಾರೆ. ಮೊದಲು ಹೆಸರು, ಕೆಲಸ, ಮನೆ, ಬಿಡುವಿನ ವೇಳೆ ಕುರಿತ ಪ್ರಶ್ನೆಗಳು, ಆಮೇಲೆ ಸನ್ನಿವೇಶ: ಕೊಂಡ ಅಂಗಿ ಚಿಕ್ಕದಾಯಿತು, ಬದಲಾಯಿಸಿಕೊಡಿ ಎನ್ನಬೇಕು, ಡಾಕ್ಟರ್ ಭೇಟಿಗೆ ಸಮಯ ಕೇಳಬೇಕು, ವಾರಾಂತ್ಯಕ್ಕೆ ಇಬ್ಬರೂ ಸೇರಿ ಏನೋ ತೀರ್ಮಾನಿಸಬೇಕು. ಜೊತೆಗಾರ ಬಾಯಿಬಡುಕನಾಗಿದ್ದರೆ ನಡುವೆ "ಇ ತು?" (ಮತ್ತೆ ನೀನು?) ಎಂದು ಪ್ರಶ್ನೆ ಎಸೆದು ಒಳಗೆ ನುಗ್ಗಿ, ಮೂಕನಾಗಿದ್ದರೆ ಪ್ರಶ್ನೆ ಕೇಳಿ ಮಾತಿಗೆಳೆಯಿರಿ, ಎರಡೂ ನಿಮ್ಮ ಅಂಕಕ್ಕೇ ಒಳ್ಳೆಯದು. ಅರ್ಥವಾಗದಿದ್ದರೆ "ಪೊದ್ ರೆಪೆತೀರ್, ಪುರ್ ಫವೋರ್?" (ದಯವಿಟ್ಟು ಇನ್ನೊಮ್ಮೆ ಹೇಳುತ್ತೀರಾ?) ಎಂದು ಕೇಳಿ. ತಪ್ಪಿಗೆ ಹೆದರಿ ಸುಮ್ಮನೆ ಕೂತವರಿಗೆ ಕೊಡಲು ಪರೀಕ್ಷಕರ ಬಳಿ ಏನೂ ಇರುವುದಿಲ್ಲ.

ಅರ್ಜಿಯ ಹೊತ್ತಿಗೆ

ಭಾಷೆಯ ಕಾಗದವನ್ನು ಮೊದಲು ಮಾಡಿಸಿಕೊಳ್ಳಿ, ಆಮೇಲೆ ಭಾರತದ ಪೊಲೀಸ್ ಕ್ಲಿಯರೆನ್ಸ್‌ಗೆ ಕೈಹಾಕಿ. ಭಾಷೆಯದು ಹಳತಾಗದು, ಪೊಲೀಸ್ ಪತ್ರ ಹಳತಾಗುತ್ತದೆ. ಇದನ್ನು ತಿರುವುಮುರುವು ಮಾಡಿದವರು ಅಪೊಸ್ಟಿಲ್ (ಕಾಗದ ಬೇರೆ ದೇಶದಲ್ಲಿ ನಡೆಯಲು ಹಾಕಿಸುವ ಅಧಿಕೃತ ಮುದ್ರೆ), ಅನುವಾದದ ಖರ್ಚನ್ನು ಎರಡು ಸಲ ಕೊಡುತ್ತಾರೆ. ಪೋರ್ಚುಗಲ್‌ನಲ್ಲೇ ಕೊಟ್ಟ ಭಾಷಾ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಆಗಲಿ ಅನುವಾದವಾಗಲಿ ಬೇಡ.

ಇನ್ನು ಹೆಸರಿನ ಪೀಕಲಾಟ. ನಮ್ಮಲ್ಲಿ ಕೆಲವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ, ಕೆಲವರದರಲ್ಲಿ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರೂ ಊರಿನ ಹೆಸರೂ ಸೇರಿಕೊಂಡಿರುತ್ತದೆ. ಪೋರ್ಚುಗೀಸ್ ಫಾರ್ಮ್‌ಗಳು "ಅಪೆಲೀದು", ಅಂದರೆ ಉಪನಾಮ, ಕೇಳದೆ ಬಿಡುವುದಿಲ್ಲ. ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು, ಮತ್ತೊಂದು ಕಡೆ ಹಿಂದುಮುಂದಾದ ಹೆಸರು ಇದ್ದರೆ ಕಡತ ನಿಲ್ಲುತ್ತದೆ. ಪಾಸ್‌ಪೋರ್ಟ್ ಮತ್ತು ವಾಸದ ಕಾರ್ಡಿನಲ್ಲಿರುವ ಕಾಗುಣಿತವನ್ನೇ ಶಾಲೆಯ ಫಾರ್ಮಿಗೂ ಕಾಪ್ಲೆ ನೋಂದಣಿಗೂ ಅಕ್ಷರಕ್ಷರ ಹಾಕಿ. ಆ ಎರಡರಲ್ಲೇ ವ್ಯತ್ಯಾಸವಿದ್ದರೆ ಮೊದಲು ಕಾರ್ಡ್ ಸರಿಪಡಿಸಿಕೊಳ್ಳಿ. ಪಿಎಲ್‌ಎ ತರಗತಿಯಲ್ಲಿ ಹಾಜರಿ ಪಟ್ಟಿಯ ಹೆಸರನ್ನು ಮೊದಲ ವಾರವೇ ನೋಡಿ ತಿದ್ದಿಸಿ. ಸಿಗೊದಿಂದ ಪ್ರಮಾಣಪತ್ರ ಹೊರಬಿದ್ದ ಮೇಲೆ ತಿದ್ದುಪಡಿಗೆ ಅದೇ ಶಾಲೆಗೆ ಅಲೆಯಬೇಕು, ಅಷ್ಟರಲ್ಲಿ ಆ ತಂಡದ ಸಂಯೋಜಕರು ಬೇರೆ ಶಾಲೆಗೆ ಹೋಗಿರುವ ಸಾಧ್ಯತೆಯೂ ಇದೆ.